ಹೆಗಲೆಲುಬಿನ ಗಂಟು



ಕನ್ನಡ ಪಂಡಿತರಿಗೂ ಎಲುಬಿನ ಗಂಟಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವು ಒಂದು ಪದದಿಂದ ಬಂದುದು. ವೈದ್ಯರ ಚೀಟಿಯನ್ನು ಓದಿಸಿಕೊಳ್ಳಲು ತಂದೆತಾಯಿಗಳು ನಮ್ಮಂತಹ ಉಪಾಧ್ಯಾಯರ ಬಳಿಗೆ ಬರುವುದುಂಟು. ಅದರಲ್ಲಿ ‘ಟ್ಯೂಮರ್’ ಎಂದಿದ್ದರೆ ಕ್ಯಾನ್ಸರೆಂದೇ ಭಾವಿಸಿ ಕಂಗೆಡುವುದೂ ಉಂಟು. ಟ್ಯೂಮರ್ ಎಂದರೆ ಗೆಡ್ಡೆ, ಅಷ್ಟೆ. ಗೆಡ್ಡೆಗಳಲ್ಲಿ ಕೇಡಿನವೂ ಉಂಟು, ಸಾಧುವಾದವೂ ಉಂಟು.

ಎಲುಬಿನ ಸಾಧು ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟಿಯೋಕಾಂಡ್ರೋಮಾ. ಎಲುಬಿನಿಂದಲೇ ಮೊಳೆತು, ತಲೆಯ ಮೇಲೆ ಮೃದ್ವಸ್ಥಿಯ ಟೊಪ್ಪಿಗೆಯನ್ನು ಹೊತ್ತ ಎಲುಬು ಅದು. ಸುಶ್ರುತಸಂಹಿತೆಯಲ್ಲಿ ಅಸ್ಥಿಧಾತುವಿನ ವೃದ್ಧಿಯನ್ನು ಹೇಳುವಲ್ಲಿ ‘ಅಧ್ಯಸ್ಥಿ’, ಅಂದರೆ ಎಲುಬಿನ ಮೇಲಣ ಎಲುಬು, ಎಂಬ ಮಾತು ಬರುತ್ತದೆ. ಇದಕ್ಕಿಂತ ಒಪ್ಪುವ ಹೆಸರನ್ನು ನಾವು ಕಾಣೆವು. ಮಗುವು ಬೆಳೆಯುವ ತನಕ ಅದೂ ಬೆಳೆಯುವುದು. ಮೈಯ ಬೆಳವಣಿಗೆ ನಿಂತಾಗ ಸಾಮಾನ್ಯವಾಗಿ ತಾನೂ ನಿಲ್ಲುವುದು.

ಮೊಣಕಾಲಿನ ಆಸುಪಾಸಿನಲ್ಲಿ ಹೆಚ್ಚಾಗಿರುವ ಇದು ಹೆಗಲೆಲುಬಿನಲ್ಲಿ ಅಪರೂಪವೇ; ಆದರೆ ಬಂದರೆ ಅದರ ಪೀಡೆ ವಿಚಿತ್ರವಾದುದು. ಹೆಗಲೆಲುಬೆಂಬುದು ಪಕ್ಕೆಲುಬುಗಳ ಮೇಲೆ, ಸ್ನಾಯುಗಳ ಮೆತ್ತೆಯಲ್ಲಿ ಜಾರುವ ತೆಳುವಾದ ಹಲಗೆ. ಅದರ ಒಳಮೈಯಲ್ಲಿ ಗಂಟು ಬೆಳೆದರೆ ಕೈಯೆತ್ತಿದಾಗ ಕಟಕಟ ಸದ್ದು, ನೋವು. ಹಲಗೆಯು ರೆಕ್ಕೆಯಂತೆ ಹೊರಚಾಚುವುದೂ ಉಂಟು. ಕರಿಹಲಗೆಯ ಮೇಲೆ ಬರೆಯುವ ಮಕ್ಕಳ ಬೆನ್ನನ್ನೇ ನಿತ್ಯವೂ ನೋಡುವ ನಮಗೆ ಇದು ತಾಯಿಗಿಂತ ಮೊದಲು ಕಂಡರೂ ಕಂಡೀತು. ನೆಟ್ಟಗೆ ಕುಳಿತುಕೊಳ್ಳೆಂದು ಗದರುವುದಾಗಲಿ, ಎಣ್ಣೆ ಹಚ್ಚಿ ತಿಕ್ಕಿಸುವುದಾಗಲಿ ಇದಕ್ಕೆ ಮದ್ದಲ್ಲ. ತಿಕ್ಕಿದರೆ ಎಲುಬು ಕರಗುವುದೆ?

ಕ್ಷ-ಕಿರಣದಲ್ಲಿ ಮರೆಯಾದ ಗಂಟಿನ ಬುಡವು ಸಿ.ಟಿ. ಚಿತ್ರದಲ್ಲಿ ಸ್ಪಷ್ಟವಾಗುವುದು, ಟೊಪ್ಪಿಗೆಯ ದಪ್ಪವನ್ನು ಎಂ.ಆರ್.ಐ. ತಿಳಿಸುವುದು. ಬಾಧೆಯಿಲ್ಲದಿದ್ದರೆ ಆಗಾಗ ತೋರಿಸುತ್ತ ಕಾದು ನೋಡಿದರೆ ಸಾಕು. ಬಾಧೆಯಿದ್ದರೆ ತೆಗೆಯಬೇಕು. ಬೆನ್ನನ್ನು ಕೊಯ್ದು, ಸ್ನಾಯುಗಳನ್ನು ಬಿಡಿಸಿ ತೆಗೆಯುವುದು ಹಳೆಯ ಕ್ರಮ. ಈಗ ತಕ್ಕ ಗಂಟುಗಳನ್ನು ಸುಮಾರು 1 ಸೆಂಟಿಮೀಟರಿನ ಎರಡು ಮೂರು ರಂಧ್ರಗಳಿಂದಲೇ ತೆಗೆಯುವರು. ಒಂದರಲ್ಲಿ ಕ್ಯಾಮೆರಾದ ನಳಿಗೆ, ಇನ್ನೊಂದರಲ್ಲಿ ಎಲುಬನ್ನು ತೇಯುವ ಉಪಕರಣ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿಯವರು ಮೂತ್ರಾಶಯವನ್ನು ನೋಡುವ ನಳಿಗೆಯನ್ನು ಶವವೊಂದರ ಮೊಣಕಾಲಿನೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತನಬೆಯವರು 1962ರಲ್ಲಿ ಅಂತಹ ನಳಿಗೆಯ ನೆರವಿನಿಂದಲೇ ಮೊಣಕಾಲಿನ ಹರಿದ ಮೃದ್ವಸ್ಥಿಯನ್ನು ತೆಗೆದರು. ಅದೇ ವಿದ್ಯೆ ಹೆಗಲಿಗೂ ಏರಿ ಬಂದಿದೆ. ಸ್ನಾಯು ಉಳಿಯುವುದರಿಂದ ಕೈ ಬೇಗನೆ ಆಡುವುದು, ಕಲೆಯೂ ಚಿಕ್ಕದು. ಆದರೆ ಪಕ್ಕದಲ್ಲಿಯೇ ಎದೆಗೂಡಿರುವುದರಿಂದ ಪಳಗಿದ ಕೈ ಬೇಕು. ಬುಡ ಅಗಲವಾಗಿದ್ದರೆ ಹಳೆಯ ಕ್ರಮವೇ ಲೇಸಾಗಬಹುದು. ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸಲೇಬೇಕು. ಪ್ರಾಯ ತುಂಬಿದ ಮೇಲೂ ಗಂಟು ಬೆಳೆಯುತ್ತಿದ್ದರೆ ಒಂದು ದಿನವೂ ತಡಮಾಡಲಾಗದು. ಸಾಧುವು ಕೇಡಿಗನಾಗುವುದು ವಿರಳವಾದರೂ ಇಲ್ಲವೆನ್ನುವಂತಿಲ್ಲ.

ಗಂಟು ಯಾವ ಮೈಯಲ್ಲಿದೆ, ಬುಡವೆಷ್ಟು ಅಗಲ, ರಂಧ್ರದಿಂದ ತೆಗೆಯಬಹುದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಅವರಿಗೆ ಕನ್ನಡ ಬಾರದಿದ್ದರೆ ಉತ್ತರವನ್ನು ಚೀಟಿಯಲ್ಲಿ ಬರೆಯಿಸಿಕೊಂಡು ಬನ್ನಿರಿ. ನಾವು ಓದಿ ಹೇಳುವೆವು.