ನಾಲ್ಕು ದಿನದ ಡಾ ನಾಂಗ್

ಡಾ ನಾಂಗ್ ಎಂಬ ಊರಿನ ಹೆಸರು ನಮ್ಮ ಮನೆಯೊಳಕ್ಕೆ ಮೊದಲು ಬಂದದ್ದು ರೇಡಿಯೋದ ಮೂಲಕವೇ. ಅದು 1975ರ ಮಾರ್ಚ್ ತಿಂಗಳು. ನನಗಾಗ ಹತ್ತು ವರ್ಷ. 29ರಂದು ಆ ಊರು ಉತ್ತರ ವಿಯಟ್ನಾಮಿನ ಸೈನ್ಯದ ವಶವಾಯಿತೆಂಬ ಸುದ್ದಿ ಕೇಳಿ, ನಮ್ಮ ತಂದೆ ಗೋಡೆಯ ಭೂಪಟದ ಮೇಲೆ ಬೆರಳಿಟ್ಟು ತೋರಿಸಿದರು. ಕಡಲಿನ ಅಂಚಿನಲ್ಲಿ ಒಂದು ಚುಕ್ಕೆ. 1965ರ ಮಾರ್ಚ್ 8ರಂದು, ಎಂದರೆ ನಾನು ಹುಟ್ಟಿದ ವರ್ಷ, ಅಮೆರಿಕದ ಮೆರೀನ್ ಪಡೆ ಬಂದಿಳಿದದ್ದೂ ಅದೇ ಚುಕ್ಕೆಯ ದಡದಲ್ಲಿ ಎಂದು ಹೇಳಿದ್ದರು. ಆ ಚುಕ್ಕೆಗೆ ನಾನು ಟಿಕೆಟ್ ಕೊಳ್ಳುವ ಕಾಲ ಬಂದೀತೆಂದು ಅವರೂ ಎಣಿಸಿರಲಾರರು, ನಾನೂ ಎಣಿಸಿರಲಿಲ್ಲ.

ಕಂಡುಬಂದದ್ದನ್ನು ವರ್ಣಿಸುವವರು ಬಹಳ ಮಂದಿ ಇದ್ದಾರೆ. ನಾನು ಇಂದು ಹೇಳಬೇಕೆಂದಿರುವುದು ಹೆಚ್ಚಾಗಿ ಹೊರಡುವುದಕ್ಕೆ ಮುಂಚಿನ ಕಥೆ. ಊಟದ ಮೇಜಿನ ಮೇಲೆ ಒಂದು ಲೆಕ್ಕದ ಪುಸ್ತಕವನ್ನಿಟ್ಟುಕೊಂಡು ಗಂಡಹೆಂಡಿರು ನಡೆಸಿದ ವಾಗ್ವಾದದ ಕಥೆ.

ಅದಕ್ಕೆ ಒಂದು ಹಿನ್ನೆಲೆಯುಂಟು. ಕೆಲವು ವರ್ಷಗಳ ಹಿಂದೆ ನಾವು ಒಂದು ಸಂಸ್ಥೆಯವರ ಜೊತೆಯಲ್ಲಿ ಆರು ದಿನಕ್ಕೆ ಮೂರು ದೇಶ ಸುತ್ತಿ ಬಂದಿದ್ದೆವು. ಹಿಂದಿರುಗಿದ ಮೇಲೆ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: "ನಾನು ನೋಡಿದ್ದು ಮುಂದಿನ ಸೀಟಿನ ಬೆನ್ನು. ಅದಕ್ಕೆ ಇಷ್ಟು ದುಡ್ಡು ಬೇಕಾಗಿರಲಿಲ್ಲ." ಇನ್ನೊಮ್ಮೆ ಹೋಗುವುದಾದರೆ ಒಂದೇ ಊರು, ಅದರಲ್ಲಿ ಒಂದು ಇಡೀ ದಿನ ತನ್ನದು ಎಂಬುದು ಆಕೆಯ ಷರತ್ತು. ಇಷ್ಟರಲ್ಲಿ ಆಕೆಯ ಬಲಮಂಡಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಹೇಳಿದರು. ಅದಕ್ಕಾಗಿ ತೆಗೆದಿರಿಸಿದ ಹಣವನ್ನು ಮುಟ್ಟುವಂತಿರಲಿಲ್ಲ. ಉಳಿದದ್ದರಲ್ಲಿ ಇಬ್ಬರಿಗೂ ಸೇರಿ ಒಂದು ಲಕ್ಷ ರೂಪಾಯಿ ಎಂದು ಪುಸ್ತಕದ ಮೇಲ್ಗಡೆ ಬರೆದು, ಕೆಳಗೆ ಗೆರೆ ಎಳೆದೆವು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೋಗಬೇಕು ಎಂದವಳು ಆಕೆ. ಏಕೆಂದು ನಾನು ಕೇಳಲಿಲ್ಲ.

ಮೊದಲು ಇತ್ಯರ್ಥವಾಗಬೇಕಾದದ್ದು ಮಳೆ. ನಮ್ಮ ಕರಾವಳಿಯಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಅಲ್ಲಿ ಮಳೆ ಹಿಡಿಯುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಬಿರುಗಾಳಿಯೂ ಜೊತೆಗೂಡುತ್ತದೆ. ಆ ತಿಂಗಳುಗಳಲ್ಲಿ ವಿಮಾನದ ದರ ಇಳಿದದ್ದನ್ನು ಕಂಡು ಮರುಳಾದವನು ನಾನು, ತಡೆದವಳು ಆಕೆ. ಅದು ಒಳ್ಳೆಯದೇ ಆಯಿತು. ನಾವು ಹೋಗಿಬಂದ ವರ್ಷವೇ, 2025ರ ಅಕ್ಟೋಬರ್ ಕೊನೆಯಲ್ಲಿ, ಹೊಯ್ ಆನ್ ಎಂಬ ಆ ಹಳೆಯ ಬಂದರಿನ ಬೀದಿಗಳಲ್ಲಿ ದೋಣಿ ಓಡಾಡುವಷ್ಟು ನೀರು ನಿಂತಿತ್ತು. ಜನವರಿ-ಫೆಬ್ರವರಿಯಲ್ಲಿ ಟೆಟ್ ಎಂಬ ಅವರ ಹೊಸವರ್ಷ ಬರುತ್ತದೆ. ಅಂಗಡಿಗಳು ಮುಚ್ಚುತ್ತವೆ, ದರಗಳು ಏರುತ್ತವೆ. ಏಪ್ರಿಲ್ 30 ಮತ್ತು ಮೇ 1 ಅವರ ದೊಡ್ಡ ರಜೆಗಳು. ಅಂತೂ ಮಾರ್ಚ್ ಉಳಿಯಿತು.

ವೀಸಾದ ಕೆಲಸ ನಾನು ಹೆದರಿದ್ದಷ್ಟು ಕಷ್ಟದ್ದಾಗಿರಲಿಲ್ಲ. 2023ರ ಆಗಸ್ಟ್‌ನಿಂದ ಎಲ್ಲ ದೇಶದವರಿಗೂ ಮನೆಯಿಂದಲೇ ಕಂಪ್ಯೂಟರ್ ಮೂಲಕ ವೀಸಾ ಪಡೆಯುವ ಏರ್ಪಾಡಿದೆ. ಒಮ್ಮೆ ಪ್ರವೇಶಿಸಲು 25 ಡಾಲರ್. ವಿಮಾನವೇ ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿತು. ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಪುರ, ಇವುಗಳಲ್ಲಿ ಎಲ್ಲಿ ವಿಮಾನ ಬದಲಿಸಿದರೆ ಅಗ್ಗ ಎಂದು ಹದಿನೈದು ದಿನ ನೋಡುತ್ತ ಕುಳಿತೆ. ಅಲ್ಲಿಗೆ ಹೋದ ಮೇಲೆ ಜೇಬಿಗೆ ಅಷ್ಟು ಭಾರವಿಲ್ಲ. ವಿಮಾನ ನಿಲ್ದಾಣ ಊರೊಳಗೇ ಇದೆ. ಲಕ್ಷ ಡಾಂಗ್ ಎಂದರೆ ನಮ್ಮ ಮುನ್ನೂರೈವತ್ತು ರೂಪಾಯಿಯ ಆಸುಪಾಸು. ಜೇಬಿನಲ್ಲಿ ಹತ್ತು ಲಕ್ಷ ಇಟ್ಟುಕೊಂಡು ಎಳನೀರಿಗೆ ಚೌಕಾಸಿ ಮಾಡುವ ಸುಖ ಬೇರೆಲ್ಲಿ ಸಿಕ್ಕೀತು!

ಸಸ್ಯಾಹಾರಿಗಳಿಗೆ ಒಂದು ಮಾತು. ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಹಾಕುವ ನಾಡು ಅದು. ಆದರೆ ಬೌದ್ಧರ ನಾಡೂ ಹೌದು. ನಮ್ಮ ಚಾಯ್ ಅನ್ನು ಹೋಲುವ 'ಚಯ್' ಎಂಬ ಮಾತೊಂದನ್ನು ಕಲಿತರೆ ಸಾಕು. ಚಹಾ ಬಾರದಿದ್ದರೂ ಶುದ್ಧ ಶಾಕಾಹಾರದ ಊಟ ಬರುತ್ತದೆ. ಅವರ ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕರು ಮಾಂಸ ಮುಟ್ಟುವುದಿಲ್ಲವಾದ್ದರಿಂದ ಅಂದು ಇಂಥ ಊಟ ಎಲ್ಲೆಲ್ಲೂ ದೊರೆಯುತ್ತದೆ. ನಮ್ಮ ನಾಲ್ಕು ದಿನಗಳೊಳಗೆ ಹೋಳಿ ಹುಣ್ಣಿಮೆ ಬರುವಂತೆ ಆಕೆ ಪಂಚಾಂಗ ನೋಡಿ ಹೊಂದಿಸಿದಳು.

ವಾಗ್ವಾದ ಆರಂಭವಾದದ್ದು ಇದರ ಮುಂದೆ. ಎಲ್ಲರೂ ಹೋಗುವುದು ಬಾ ನಾ ಗುಡ್ಡಕ್ಕೆ. ತಂತಿಯ ಮೇಲೆ ತೂಗುವ ತೊಟ್ಟಿಲಿನಲ್ಲಿ ಏರಿ, ಎರಡು ದೈತ್ಯ ಹಸ್ತಗಳು ಎತ್ತಿ ಹಿಡಿದಂತೆ 2018ರಲ್ಲಿ ಕಟ್ಟಿದ ಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಬೇಕು. ಒಬ್ಬರಿಗೆ ಒಂಬತ್ತು ಲಕ್ಷ ಡಾಂಗಿಗೆ ಕಡಿಮೆಯಿಲ್ಲ. ಅದನ್ನು ಇಬ್ಬರೂ ಒಮ್ಮತದಿಂದ ಹೊಡೆದುಹಾಕಿದೆವು. ಹಾನ್ ನದಿಯ ಮೇಲಿನ ಡ್ರ್ಯಾಗನ್ ಸೇತುವೆ ಶನಿವಾರ ರಾತ್ರಿ ಒಂಬತ್ತಕ್ಕೆ ಬೆಂಕಿ ಉಗುಳುವುದನ್ನು ಕಾಸಿಲ್ಲದೆ ನೋಡಬಹುದು; ಅದು ಉಳಿಯಿತು. ಅಮೃತಶಿಲೆಯ ಗುಡ್ಡಗಳು ಮಂಡಿಯ ಕಾರಣದಿಂದ ಹೋದವು. ಉಳಿದವು ಎರಡು. ನನಗೆ ಮೀ ಸನ್‌ನ ಹಾಳುಗುಡಿಗಳು ಬೇಕು. ಆಕೆಗೆ ಕಡಲಿನ ಪಕ್ಕದಲ್ಲಿ ಓಡುವ ರೈಲು ಬೇಕು. "ನೀವು ಕಲ್ಲು ನೋಡಿ, ನಾನು ನೀರು ನೋಡ್ತೀನಿ" ಎಂದಳು. ಒಬ್ಬರಿಗೊಂದು ದಿನವೆಂದು ಒಪ್ಪಂದವಾಯಿತು.

ನನ್ನ ಹಟಕ್ಕೆ ಕಾರಣವಿತ್ತು. ಡಾ ನಾಂಗ್ ಎಂಬ ಹೆಸರೇ ಚಾಮ್ ಜನರ ಭಾಷೆಯಿಂದ ಬಂದದ್ದೆಂದು ಹೇಳುತ್ತಾರೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಕರಾವಳಿಯನ್ನಾಳಿದ ಚಂಪಾ ರಾಜ್ಯದವರು ಅವರು. ಅವರ ಸಿಂಹಪುರ ಇದ್ದ ಟ್ರಾ ಕಿಯು ಬಳಿ ದೊರೆತ ಡಾಂಗ್ ಯೆನ್ ಚೌ ಶಾಸನವು 4ನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಚಾಮ್ ನುಡಿಯಲ್ಲಿ ಬರೆದ, ರಾಜನ ನಾಗನನ್ನು ಕುರಿತ ಮೂರೇ ಸಾಲು. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದು. ಕಡಲಿನ ಆಚೆಯಲ್ಲೂ ಈಚೆಯಲ್ಲೂ ಎರಡು ದೇಶಭಾಷೆಗಳು, ಬ್ರಾಹ್ಮಿಯಿಂದ ಬಂದ ಅಕ್ಷರಗಳಲ್ಲಿ, ಸಂಸ್ಕೃತದ ಪಕ್ಕದಲ್ಲಿ ನಿಂತು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಲ್ಲಿನ ಮೇಲೆ ಬಾಯಿ ತೆರೆದಿವೆ. ಭದ್ರವರ್ಮನೆಂಬ ಅರಸ ಮೀ ಸನ್ ಕಣಿವೆಯಲ್ಲಿ ಲಿಂಗವನ್ನು ಸ್ಥಾಪಿಸಿ ತನ್ನ ಹೆಸರು ಸೇರಿಸಿ ಭದ್ರೇಶ್ವರನೆಂದು ಕರೆದ. ಇದು ನಮಗೆ ಹೊಸತೇ? ಪಟ್ಟದಕಲ್ಲಿನ ವಿರೂಪಾಕ್ಷ ಮೊದಲು ಲೋಕಮಹಾದೇವಿಯ ಲೋಕೇಶ್ವರ. ಸಂಗಮೇಶ್ವರ ಮೊದಲು ವಿಜಯಾದಿತ್ಯನ ವಿಜಯೇಶ್ವರ.

ಮೀ ಸನ್ ಡಾ ನಾಂಗ್‌ನಿಂದ 70 ಕಿಲೋಮೀಟರ್ ದೂರ. (2025ರ ಜುಲೈ 1ರಿಂದ ಆ ಜಿಲ್ಲೆಯೆಲ್ಲ ಡಾ ನಾಂಗ್ ನಗರಾಡಳಿತಕ್ಕೇ ಸೇರಿದೆ, ಕಾಗದದ ಮೇಲೆ ದೂರ ಕಳೆದುಹೋಗಿದೆ.) ಹೊಯ್ ಆನ್‌ನಿಂದ ಒಂದು ಗಂಟೆಯ ದಾರಿಯಾದ್ದರಿಂದ ಮೊದಲೆರಡು ರಾತ್ರಿ ಅಲ್ಲಿ ತಂಗಿ, ಕತ್ತಲಿರುವಾಗಲೇ ಕಾರಿನಲ್ಲಿ ಹೊರಟೆವು. ಬಿಸಿಲೇರಿದ ಮೇಲೆ ಬಸ್ಸುಗಳು ಬರುತ್ತವೆ. ಸುತ್ತ ಬೆಟ್ಟ, ನಡುವೆ ಕೆಂಪು ಇಟ್ಟಿಗೆಯ ಗೋಪುರಗಳು. ಇಟ್ಟಿಗೆಗಳ ನಡುವೆ ಗಾರೆ ಕಾಣುವುದಿಲ್ಲ, ಅವನ್ನು ಯಾವುದರಿಂದ ಬೆಸೆದರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಇವುಗಳಲ್ಲಿ ಅತಿ ಭವ್ಯವೆನಿಸಿದ್ದ ಗೋಪುರ 1969ರಲ್ಲಿ ಅಮೆರಿಕದ ಬಾಂಬಿಗೆ ಬಿತ್ತು. ಪಕ್ಕದಲ್ಲೇ ಬಾಂಬು ತೋಡಿದ ಗುಂಡಿಗಳಲ್ಲಿ ಹುಲ್ಲು ಬೆಳೆದಿದೆ. ಆ ಬಿದ್ದ ಗುಂಪನ್ನೇ ನಮ್ಮ ಪುರಾತತ್ತ್ವ ಇಲಾಖೆಯವರು ಕೆಲವು ವರ್ಷ ಇದ್ದು ಸಂರಕ್ಷಿಸಿದರು. 2020ರ ಮೇ ತಿಂಗಳಲ್ಲಿ ಅವರಿಗೆ 9ನೆಯ ಶತಮಾನದ ಏಕಶಿಲಾ ಲಿಂಗವೊಂದು ಮಣ್ಣಿನಲ್ಲಿ ಸಿಕ್ಕಿತು. ಪೀಠದ ಮುಂದೆ ನಾನು ಬಹಳ ಹೊತ್ತು ನಿಂತೆ. ನನ್ನ ಹೆಂಡತಿ ನೆರಳಿನ ಕಟ್ಟೆಯ ಮೇಲೆ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದಳು. ಮಾರನೆಯ ದಿನ ಡಾ ನಾಂಗ್‌ನ ಚಾಮ್ ವಸ್ತುಸಂಗ್ರಹಾಲಯದಲ್ಲಿ ಟ್ರಾ ಕಿಯುವಿನ ನರ್ತಕಿಯರನ್ನು ಕಂಡು ಮಾತ್ರ, "ಇವರು ನಿಮ್ಮ ಕಲ್ಲುಗಳಿಗಿಂತ ಮೇಲು" ಎಂದಳು. ಅವೂ ಕಲ್ಲೇ ಎಂದು ನಾನು ಹೇಳಲು ಹೋಗಲಿಲ್ಲ.

ಆಕೆಯ ದಿನ ಭಾನುವಾರ. ಡಾ ನಾಂಗ್‌ನಿಂದ ಉತ್ತರಕ್ಕೆ ಹ್ವೆ ನಗರಕ್ಕೆ ನೂರು ಕಿಲೋಮೀಟರ್, ರೈಲಿನಲ್ಲಿ ಮೂರು ಗಂಟೆಯ ಸುಮಾರು. 2005ರಲ್ಲಿ ಸುರಂಗವಾದ ಮೇಲೆ ಬಸ್ಸುಗಳು ಹಾಯ್ ವಾನ್ ಘಟ್ಟವನ್ನು ಹತ್ತುವುದಿಲ್ಲ; ರೈಲು ಮಾತ್ರ ಇಂದಿಗೂ ಬೆಟ್ಟದ ಕಾಲಬಳಿಯಲ್ಲಿ, ಕಡಲಿನ ತಲೆಯ ಮೇಲೆ ಸುತ್ತಿಕೊಂಡು ಹೋಗುತ್ತದೆ. ಟಿಕೆಟ್ ತೆಗೆಸುವ ಭಾರ ನನ್ನದಾಗಿತ್ತು. ಹದಿನೈದು ದಿನ ವಿಮಾನದ ದರ ನೋಡಿದ ನಾನು ರೈಲಿನ ಸೀಟು ಯಾವ ಪಕ್ಕಕ್ಕಿದೆ ಎಂದು ಅರೆಗಳಿಗೆಯೂ ನೋಡಿರಲಿಲ್ಲ. ನಮ್ಮ ಸೀಟುಗಳು ಎಡಗಡೆ, ಬೆಟ್ಟದ ಕಡೆ. ಘಟ್ಟ ಮೊದಲಾದಾಗ ಕಿಟಕಿಯಲ್ಲಿ ಕಂಡದ್ದು ಒದ್ದೆ ಬಂಡೆ, ಜರಿಗಿಡ. ಆಕೆ ಏನೂ ಅನ್ನಲಿಲ್ಲ. ಎದ್ದುಹೋಗಿ ಬೋಗಿಯ ಬಾಗಿಲ ಬಳಿ ಕಂಬಿ ಹಿಡಿದು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಳು.

ಬಲಗಡೆಯ ಕಿಟಕಿಯಲ್ಲಿ ನಮ್ಮ ವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು, ತೊಡೆಯ ಮೇಲೆ ಒಂದು ಬುಟ್ಟಿ. ಅವಳು ಒಮ್ಮೆ ಆ ಕಾಲನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆ ಎರಡನೆಯ ನೋಟಕ್ಕೆ ಭಾಷಾಂತರ ಬೇಕಾಗಿರಲಿಲ್ಲ. ಬುಟ್ಟಿಯೊಡನೆ ಎದ್ದು, ನನ್ನ ಹೆಂಡತಿಯ ತೋಳು ಹಿಡಿದು ತನ್ನ ಜಾಗದಲ್ಲಿ ಕೂರಿಸಿ, ತಾನು ಬಂದು ನನ್ನ ಪಕ್ಕದಲ್ಲಿ ಬಂಡೆ ನೋಡುತ್ತ ಕುಳಿತಳು. ಕೆಳಗೆ ಹಸುರು ನೀರು, ಬಿಳಿಯ ನೊರೆ, ಯಾರೂ ಕಾಲಿಡದ ಸಣ್ಣ ಸಣ್ಣ ಮರಳ ದಂಡೆಗಳು. ಇವನ್ನು ನಾನು ಆಕೆಯ ಹೆಗಲ ಮೇಲಿಂದ ಅಷ್ಟಿಷ್ಟು ಕಂಡೆ. ಹ್ವೆಯ ಅರಮನೆಯನ್ನು ಗಂಟೆಯೊಂದರಲ್ಲಿ ಮುಗಿಸಿ ಸಂಜೆಯ ರೈಲಿಗೆ ಮರಳಿದೆವು. ಘಟ್ಟ ಬರುವಷ್ಟರಲ್ಲಿ ಕತ್ತಲಾಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದಾಗ ಗೆರೆ ದಾಟಿ ನಾಲ್ಕು ಸಾವಿರದ ಇನ್ನೂರು ರೂಪಾಯಿ ಹೆಚ್ಚು ಖರ್ಚಾಗಿತ್ತು. ಮಂಡಿಯ ಶಸ್ತ್ರಚಿಕಿತ್ಸೆ ಜೂನ್‌ನಲ್ಲಿ ಆಯಿತು. ಹೋಗುವವರು ಯಾರಾದರೂ ಇದ್ದರೆ ಕೇಳಿಕೊಳ್ಳಿ: ಡಾ ನಾಂಗ್‌ನಿಂದ ಉತ್ತರಕ್ಕೆ ಹೋಗುವಾಗ ಕಡಲು ಬಲಗಡೆ, ಹ್ವೆಯಿಂದ ಬರುವಾಗ ಎಡಗಡೆ.