ಎಲೆ ಬಣ್ಣ ತಿರುಗುವ ಹೊತ್ತಿಗೆ ಬಂದ ನೆರೆ

ಶರತ್ಕಾಲದ ಪ್ರವಾಸವನ್ನು ಮುಂದೂಡಲು ಬರುವುದಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಪಶ್ಚಿಮಕ್ಕೆ ಹಬ್ಬಿರುವ ಬ್ಲೂ ರಿಡ್ಜ್ ಬೆಟ್ಟಸಾಲಿನಲ್ಲಿ ಸೆಪ್ಟೆಂಬರ್ ಕೊನೆಗೆ ಶಿಖರದ ಮರಗಳು ಹಳದಿ, ಕೆಂಪಿಗೆ ತಿರುಗತೊಡಗುತ್ತವೆ. ಬಣ್ಣ ಇಳಿಜಾರಿನಲ್ಲಿ ಕೆಳಗಿಳಿಯುತ್ತಾ ನವೆಂಬರ್ ಆರಂಭಕ್ಕೆ ಕಣಿವೆ ಮುಟ್ಟುತ್ತದೆ. ಈ ಐದಾರು ವಾರ ದುಡಿದದ್ದರಲ್ಲೇ ಅಲ್ಲಿನ ಹೋಟೆಲು, ಅಂಗಡಿ, ಕುಶಲಕರ್ಮಿಗಳು ಮುಂದಿನ ಚಳಿಗಾಲವನ್ನು ದಾಟಬೇಕು.

2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾ ಕರಾವಳಿಗೆ ಅಪ್ಪಳಿಸಿದ ಹೆಲೀನ್ ಚಂಡಮಾರುತ ಮರುದಿನ ಬೆಳಿಗ್ಗೆ ಈ ಬೆಟ್ಟಗಳನ್ನು ತಲುಪಿತು. ಅದಕ್ಕೂ ಮುಂಚೆ ಬಿದ್ದ ಮಳೆಗೆ ಮಣ್ಣು ತೊಯ್ದು ಭಾರವಾಗಿತ್ತು. ಬ್ಯೂಸಿಕ್ ಎಂಬಲ್ಲಿ ಕೆಲವೇ ದಿನಗಳಲ್ಲಿ ಸುಮಾರು 78 ಸೆಂಟಿಮೀಟರ್ ಮಳೆ ಸುರಿಯಿತು. ಆಶ್‌ವಿಲ್ ನಗರದ ಬಳಿ ಫ್ರೆಂಚ್ ಬ್ರಾಡ್ ನದಿ 1916ರ ಮಹಾನೆರೆಯ ದಾಖಲೆಯನ್ನೂ ಮೀರಿತು. ಬೆಟ್ಟಗಳು ಎರಡು ಸಾವಿರಕ್ಕೂ ಹೆಚ್ಚು ಕಡೆ ಕುಸಿದವು. ಉತ್ತರ ಕ್ಯಾರೊಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಇಷ್ಟು ಸಾವಿನ ಎದುರು ಪ್ರವಾಸೋದ್ಯಮದ ಮಾತು ಹಗುರವೆನಿಸಬಹುದು. ಆದರೆ ಬದುಕುಳಿದವರಲ್ಲಿ ಬಹಳ ಮಂದಿಯ ಅನ್ನ ಅದರಲ್ಲೇ ಇತ್ತು.

ಎಲೆಗಳೇನೋ ಎಂದಿನಂತೆ ಬಣ್ಣ ತಿರುಗಿದವು. ನೋಡಲು ಹೋಗುವ ದಾರಿ ಇರಲಿಲ್ಲ. 755 ಕಿಲೋಮೀಟರ್ ಉದ್ದದ ವಿಹಾರ ರಸ್ತೆಯಾದ ಬ್ಲೂ ರಿಡ್ಜ್ ಪಾರ್ಕ್‌ವೇ ಪೂರ್ತಿ ಮುಚ್ಚಿತು; ಅಕ್ಟೋಬರ್ ನಡುವಿನಿಂದ ಅದನ್ನು ತುಂಡು ತುಂಡಾಗಿ ತೆರೆಯಲಾಯಿತು. ಟೆನೆಸೀ ಕಡೆಗೆ ಸಾಗುವ 40ನೇ ಅಂತರರಾಜ್ಯ ಹೆದ್ದಾರಿ ಪಿಜನ್ ನದಿಯ ಕಮರಿಯಲ್ಲಿ ಕೊಚ್ಚಿಹೋಯಿತು. 2025ರ ಮಾರ್ಚ್‌ನಲ್ಲಿ ತೆರೆದಾಗಲೂ ಒಂದೊಂದು ದಿಕ್ಕಿಗೆ ಒಂದೇ ಪಥ. ಚಿಮ್ನಿ ರಾಕ್ ಎಂಬ ಪುಟ್ಟ ಪ್ರವಾಸಿ ಊರಿನ ಬಹುಭಾಗ ಹೊಳೆಯ ಪಾಲಾಯಿತು.

ರಸ್ತೆಗಿಂತಲೂ ಹೆಚ್ಚು ಕಾಡಿದ್ದು ನಲ್ಲಿ ನೀರು. ಆಶ್‌ವಿಲ್‌ಗೆ ನೀರು ತರುವ ದೊಡ್ಡ ಕೊಳವೆಗಳು ಕೊಚ್ಚಿಹೋದವು. 2004ರ ನೆರೆಯಿಂದ ಪಾಠ ಕಲಿತು ಆಳದಲ್ಲಿ ಹೂತಿದ್ದ ಬದಲಿ ಕೊಳವೆಯೂ ಉಳಿಯಲಿಲ್ಲ. ಕೊಳವೆ ದುರಸ್ತಿಯಾದ ಮೇಲೂ ಜಲಾಶಯದ ಕೆಂಪು ರಾಡಿ ತಿಳಿಯಾಗಲಿಲ್ಲ. ಕುಡಿಯಲು ಯೋಗ್ಯವಾದ ನೀರು ಮತ್ತೆ ನಲ್ಲಿಗೆ ಬಂದದ್ದು ನವೆಂಬರ್ 18ಕ್ಕೆ, ಎಲೆಯೆಲ್ಲ ಉದುರಿದ ಮೇಲೆ. ಊಟ ಮತ್ತು ಬಿಯರಿಗೆ ಹೆಸರಾದ ನಗರದಲ್ಲಿ ಅಡುಗೆಮನೆಗಳು ಬಾಗಿಲು ಹಾಕಿದವು. ಕೆಲವರು ಟ್ಯಾಂಕರ್ ತರಿಸಿದರು, ಇನ್ನು ಕೆಲವರು ಕೊಳವೆಬಾವಿ ಕೊರೆಸಿದರು. ಹೋಟೆಲಿನ ಕೋಣೆಗಳು ತುಂಬಿದ್ದರೂ ಅಲ್ಲಿದ್ದವರಲ್ಲಿ ಪರಿಹಾರ ಕಾರ್ಯಕರ್ತರು, ವಿದ್ಯುತ್ ಲೈನ್‌ಮನ್‌ಗಳು, ಮನೆ ಕಳೆದುಕೊಂಡ ಕುಟುಂಬಗಳವರು ಬಹಳ ಮಂದಿ. ಕೋಣೆ ಭರ್ತಿಯ ಲೆಕ್ಕವೊಂದನ್ನೇ ಹಿಡಿದು ಚೇತರಿಕೆ ಅಳೆಯುವವರು ಎಡವುವುದು ಇಲ್ಲೇ.

ಹಾನಿಯ ಇನ್ನೊಂದು ಮೂಲವೆಂದರೆ ಸುದ್ದಿ. ಆರಂಭದಲ್ಲಿ ಅನಗತ್ಯ ಪ್ರಯಾಣ ಬೇಡವೆಂದದ್ದು ಸರಿಯೇ. ರಕ್ಷಣಾ ವಾಹನಗಳಿಗೆ ದಾರಿ ಬೇಕಿತ್ತು. ಆದರೆ ಹೊರಗಿನವರ ಕಿವಿಗೆ ಬಿದ್ದದ್ದು ಪಶ್ಚಿಮ ಭಾಗವಿಡೀ ಮುಚ್ಚಿದೆ ಎಂದು. ಹೆಚ್ಚು ಪೆಟ್ಟು ತಿನ್ನದ ಬ್ರೈಸನ್ ಸಿಟಿಯಂಥ ಊರುಗಳೂ ಅಕ್ಟೋಬರ್ ಕಳೆದುಕೊಂಡವು. ಬಿಲ್ಟ್‌ಮೋರ್ ಎಸ್ಟೇಟ್ ಎಂಬ ಆಶ್‌ವಿಲ್‌ನ ಪ್ರವಾಸಿ ತಾಣ ನವೆಂಬರ್ 2ರಂದು ಬಾಗಿಲು ತೆರೆದಾಗ ಋತು ಮುಗಿಯುತ್ತಾ ಬಂದಿತ್ತು. ನೆರವೂ ಹೊತ್ತಿಗೆ ಒದಗಲಿಲ್ಲ: ಸಣ್ಣ ಉದ್ದಿಮೆಗಳಿಗೆ ವಿಪತ್ತು ಸಾಲ ಕೊಡುವ ಒಕ್ಕೂಟ ಸರ್ಕಾರದ ನಿಧಿ ಅಕ್ಟೋಬರ್ ಮಧ್ಯದಲ್ಲೇ ಬರಿದಾಯಿತು, ಮತ್ತೆ ತುಂಬಿದ್ದು ಡಿಸೆಂಬರಿನಲ್ಲಿ. ಸಾಲ ಸಿಕ್ಕರೂ ಅದು ಸಾಲವೇ. ಕೈತಪ್ಪಿದ ವ್ಯಾಪಾರಕ್ಕೆ ಬದಲಲ್ಲ.

ಕರ್ನಾಟಕಕ್ಕೂ ಈ ಅನುಭವ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟ ಕುಸಿದದ್ದು ಮುಖ್ಯವಾಗಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ. ಪ್ರವಾಸಿಗರನ್ನು ತಡೆದದ್ದು ಮಾತ್ರ ಇಡೀ ಜಿಲ್ಲೆಗೆ. ವಿರಾಜಪೇಟೆ ಕಡೆಯ ಹೋಂಸ್ಟೇಗಳಿಗೂ ಅದರ ಬಿಸಿ ತಟ್ಟಿತು. ಮಳೆಗಾಲ ಮುಗಿದ ಮೇಲೆ ದಸರಾ ರಜೆ, ತುಲಾ ಸಂಕ್ರಮಣದ ತೀರ್ಥೋದ್ಭವ ಎಂದು ಜನ ಬರತೊಡಗುವ ಕಾಲ ಆಗ ಎದುರಿಗೇ ಇತ್ತು.

ಆದ್ದರಿಂದ ಪ್ರವಾಸೋದ್ಯಮ ಕುರಿತ ಈ ವಿಚಾರ ಸಂಕಿರಣ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಪ್ರಚಾರದ ಹೊಸ ಘೋಷಣೆಗಳನ್ನಲ್ಲ. ಯಾವ ರಸ್ತೆ ತೆರೆದಿದೆ, ಯಾವ ಊರಲ್ಲಿ ಕುಡಿಯುವ ನೀರಿದೆ, ಎಲ್ಲಿಗೆ ಇನ್ನೂ ಹೋಗಬಾರದು ಎಂಬುದನ್ನು ಜಿಲ್ಲೆಯ ಲೆಕ್ಕದಲ್ಲಲ್ಲ, ಊರೂರಿನ ಲೆಕ್ಕದಲ್ಲಿ ದಿನದಿನವೂ ಹೇಳುವ ಹೊಣೆ ಯಾರದ್ದೆಂದು ಮುಂದಿನ ಮಳೆಗಾಲಕ್ಕೆ ಮುನ್ನ ಗೋಷ್ಠಿಗಳು ಚರ್ಚಿಸಿ ಶಿಫಾರಸು ಮಾಡಬೇಕು.