ಸಿಸ್ಟರ್, ನೀವೊಮ್ಮೆ ಮಂಚದ ಮೇಲೆ ಮಲಗಿ



‘ದಾದಿಯರಿಗೆ ಪರಾನುಭೂತಿಯ ತರಬೇತಿ’ ಎಂದು ಆಮಂತ್ರಣದಲ್ಲಿ ನನ್ನ ವಿಷಯ ನೋಡಿ ಸದಸ್ಯೆಯೊಬ್ಬರು ಫೋನ್ ಮಾಡಿದರು. “ಕರುಣೆಯನ್ನೂ ಕ್ಲಾಸಿನಲ್ಲಿ ಕಲಿಸುತ್ತಾರಾ? ಅದು ಹುಟ್ಟಿನಿಂದ ಬರಬೇಕಲ್ಲವೇ?” ಎಂದು ಕೇಳಿದರು. ಕರುಣೆ ಹುಟ್ಟಿನಿಂದ ಬಂದರೂ ಬರಬಹುದು. ನಾನು ಕಲಿಸುವುದು ಅದನ್ನಲ್ಲ. “ಅಯ್ಯೋ ಪಾಪ” ಅನ್ನಲು ಮಂಚದ ಪಕ್ಕ ನಿಂತರೆ ಸಾಕು. ಮಲಗಿದವರಿಗೆ ಏನು ಕಾಣುತ್ತಿದೆ, ಏನು ಕೇಳುತ್ತಿದೆ, ಯಾವುದರ ಭಯ ಎಂದು ತಿಳಿದು, ಅದಕ್ಕೆ ತಕ್ಕಂತೆ ನಮ್ಮ ಕೈಯನ್ನೂ ಮಾತನ್ನೂ ಬದಲಿಸಿಕೊಳ್ಳುವುದು ಪರಾನುಭೂತಿ. ಇಂಜೆಕ್ಷನ್ ಕೊಡಲು ಕಲಿತ ಹಾಗೆ ಇದನ್ನೂ ಕಲಿಯಬಹುದು. ಅಭ್ಯಾಸ ತಪ್ಪಿದರೆ ಮರೆತೂ ಹೋಗುತ್ತದೆ.

ನಮ್ಮ ತರಬೇತಿಯ ಮೊದಲ ಗಂಟೆಯಲ್ಲಿ ಪಾಠವೇ ಇಲ್ಲ. ಒಬ್ಬ ಸಿಸ್ಟರ್ ಸ್ಟ್ರೆಚರ್ ಮೇಲೆ ಮಲಗುತ್ತಾರೆ. ಇಬ್ಬರು ತಳ್ಳಿಕೊಂಡು ಹೋಗುತ್ತಾ, ಅವರ ತಲೆಯ ಮೇಲೆಯೇ ನೈಟ್ ಡ್ಯೂಟಿಯ ಜಗಳ ಆಡುತ್ತಾರೆ. ಮಲಗಿದವರಿಗೆ ಕಾಣುವುದು ಮಾಡಿನ ಟ್ಯೂಬ್‌ಲೈಟು ಮಾತ್ರ. ಯಾರೋ ಹೇಳದೆ ಹೊದಿಕೆ ಎಳೆಯುತ್ತಾರೆ. ಬಾಯಲ್ಲಿದ್ದ ಗಂಜಿ ಇಳಿಯುವ ಮೊದಲೇ ಇನ್ನೊಂದು ಚಮಚ ಬರುತ್ತದೆ. ಐದೇ ನಿಮಿಷ. ಎದ್ದು ಕೂತವರಲ್ಲಿ ಹೆಚ್ಚಿನವರು ಹೇಳುವುದು ಒಂದೇ: “ಯಾರೂ ನನ್ನ ಮುಖ ನೋಡಲಿಲ್ಲ.” ಹದಿನೈದು ವರ್ಷ ಸರ್ವಿಸ್ ಆದವರೂ ಇದನ್ನೇ ಹೇಳುತ್ತಾರೆ.

ಆಮೇಲಿನದೆಲ್ಲ ಚಿಕ್ಕ ಚಿಕ್ಕ ಕೆಲಸಗಳು. ಮುಟ್ಟುವ ಮೊದಲು ಹೇಳುವುದು. ಪರದೆ ಎಳೆಯುವುದು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು. ಎಲ್ಲಕ್ಕಿಂತ ಕಷ್ಟದ್ದು ಇದೇ. ತಮ್ಮ ಹೆಸರು ಹೇಳುವುದು. ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಎಂಬ ವೈದ್ಯೆ ಸ್ವತಃ ಕ್ಯಾನ್ಸರ್ ರೋಗಿಯಾಗಿ ಆಸ್ಪತ್ರೆ ಸೇರಿದಾಗ, ಬಂದು ಹೋಗುವ ಎಷ್ಟೋ ಮಂದಿ ತಮ್ಮ ಹೆಸರನ್ನೂ ಹೇಳುತ್ತಿಲ್ಲ ಎಂದು ಗಮನಿಸಿದರು. 2013ರಲ್ಲಿ ಅದಕ್ಕಾಗಿಯೇ ಒಂದು ಅಭಿಯಾನ ಶುರು ಮಾಡಿದರು. ಆಕೆ 2016ರಲ್ಲಿ ತೀರಿಕೊಂಡರು. ಅಭಿಯಾನ ದೇಶ ದೇಶಗಳಿಗೆ ಹರಡಿತು.

ಆದರೆ ಉದಾಹರಣೆಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ನಿಮಗೆಲ್ಲ ಗೊತ್ತು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕಸಗುಡಿಸುವವನೊಬ್ಬ ಆಕೆಯ ಮೇಲೆ ನಡೆಸಿದ ಹಲ್ಲೆಯ ಬಗ್ಗೆ, 2011ರ ಮಾರ್ಚ್ 7ರ ಸುಪ್ರೀಂ ಕೋರ್ಟಿನ ದಯಾಮರಣದ ತೀರ್ಪಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಆಕೆಯ ಬೆನ್ನಿನ ಬಗ್ಗೆ. ಆ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದೆ ಬಂದ ವರದಿಗಳ ಪ್ರಕಾರ, ಅಷ್ಟು ವರ್ಷ ಹಾಸಿಗೆ ಹಿಡಿದಿದ್ದ ಆ ದೇಹದಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ.

ಮನೆಯಲ್ಲಿ ಮಲಗಿದಲ್ಲೇ ಇರುವ ಅತ್ತೆ, ಮಾವ, ಅಮ್ಮಂದಿರನ್ನು ನೋಡಿಕೊಂಡವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಒರೆಸಬೇಕು, ಒದ್ದೆ ಬಟ್ಟೆ ಬದಲಿಸಬೇಕು. ಒಂದು ರಾತ್ರಿ ಮೈಮರೆತರೆ ಚರ್ಮ ಕೆಂಪಾಗುತ್ತದೆ. 2015ರ ಮೇ 18ರಂದು ಆಕೆ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಅಂದರೆ 41 ವರ್ಷಕ್ಕೂ ಮೀರಿ, ಕೆ.ಇ.ಎಂ.ನ ದಾದಿಯರು ಇದನ್ನು ಮಾಡಿದರು. ಕೊನೆಕೊನೆಗೆ ನೋಡಿಕೊಂಡವರಲ್ಲಿ ಎಷ್ಟೋ ಮಂದಿ 1973ರಲ್ಲಿ ಹುಟ್ಟಿಯೇ ಇರಲಿಲ್ಲ. ಗೆಳತಿಯ ಮೇಲಿನ ಪ್ರೀತಿ ಎಂದು ಅವರ ಕೆಲಸವನ್ನು ವಿವರಿಸಲಾಗದು. ಹಿರಿಯ ದಾದಿ ಕಿರಿಯಳಿಗೆ ಹೇಳಿಕೊಟ್ಟಳು, ಆಕೆ ಮುಂದಿನವಳಿಗೆ. ಅದು ತರಬೇತಿಯಲ್ಲದೆ ಮತ್ತೇನು?

ಈಗ ನಮ್ಮ ಮನೆಬಾಗಿಲಿನ ವಿಷಯ. ನವಿ ಮುಂಬಯಿಯ ಒಂದು ಆಸ್ಪತ್ರೆಗೆ ತರಬೇತಿಗೆಂದು ಹೋದಾಗ ಎಂಬತ್ತು ದಾಟಿದ ನಮ್ಮ ಕಡೆಯ ಅಜ್ಜಿಯೊಬ್ಬರ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ‘ಪೇಶಂಟ್ ಗಲಾಟೆ ಮಾಡುತ್ತಾರೆ’ ಎಂದು ಫೈಲಿನಲ್ಲಿ ಬರೆದಿತ್ತು. ತರಕಾರಿಯವನೊಡನೆ ನಲವತ್ತು ವರ್ಷ ಮರಾಠಿಯಲ್ಲಿ ಚೌಕಾಸಿ ಮಾಡಿದ ಅಜ್ಜಿ. ಮರೆವಿನ ಕಾಯಿಲೆಯಲ್ಲಿ ಮರಾಠಿ ಹೋಗಿ ಕನ್ನಡ ಉಳಿದಿತ್ತು. ಮಲಯಾಳಿ ಸಿಸ್ಟರ್‌ಗೂ ಮರಾಠಿ ಮಾವಶಿಗೂ ಅರ್ಥವಾಗದ ಅವರ ‘ಗಲಾಟೆ’ ಏನು ಗೊತ್ತೇ? “ಒಂದಕ್ಕೆ ಹೋಗಬೇಕು, ಒಂದಕ್ಕೆ ಹೋಗಬೇಕು.” ಆ ಸಿಸ್ಟರ್ ಕೆಟ್ಟವರಲ್ಲ. ಅರ್ಥ ಹೇಳಿದ ತಕ್ಷಣ ಕಟ್ಟು ಬಿಚ್ಚಿ, ತಾವೇ ಕೈಹಿಡಿದು ಕರೆದುಕೊಂಡು ಹೋದರು.

ಒಂದು ರಾತ್ರಿಗೆ ಮೂವತ್ತು ರೋಗಿಗಳನ್ನು ಒಬ್ಬಳ ತಲೆಗೆ ಕಟ್ಟಿ ಪರಾನುಭೂತಿ ಕೇಳುವುದು ಅನ್ಯಾಯ ಎಂದು ಆಡಳಿತದವರಿಗೆ ನಾನು ಹೇಳುತ್ತಲೇ ಇರುತ್ತೇನೆ. ಕೇಳುವವರು ಕಡಿಮೆ. ಸಂದರ್ಶನದ ವೇಳೆಯಲ್ಲಿ ಸಿಸ್ಟರ್ ಮೇಲೆ ಕೂಗಾಡುವ ನಮ್ಮವರಿಗೂ ಒಂದು ತರಬೇತಿ ಬೇಕು, ಅದು ಇನ್ನೊಂದು ದಿನಕ್ಕಿರಲಿ.

ಇವತ್ತು ನಾನು ಕೇಳುವುದಿಷ್ಟೆ. ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸುವಾಗ ಒಂದು ಚೀಟಿ ಬರೆದು ತಲೆದೆಸೆಯಲ್ಲಿ ಅಂಟಿಸಿ: ಮನೆಯಲ್ಲಿ ಏನೆಂದು ಕರೆಯುತ್ತೀರಿ, ಯಾವ ಕಿವಿ ಕೇಳುವುದಿಲ್ಲ, ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾರೆ. ಜೊತೆಗೆ ನಾನು ತಯಾರಿಸಿರುವ ಹನ್ನೆರಡು ಮಾತುಗಳ ಹಾಳೆ ಕೊಡಿ. ನೋವು, ನೀರು, ಚಳಿ, ಹೆದರಿಕೆ, ಮಗ್ಗುಲು ಹೀಗೆ. ಕನ್ನಡದ ಉಚ್ಚಾರ ದೇವನಾಗರಿಯಲ್ಲಿ, ಎದುರಿಗೆ ಮರಾಠಿ ಅರ್ಥ. ಮೊದಲ ಸಾಲಿನಲ್ಲಿ ‘ಒಂದಕ್ಕೆ’ ಇದೆ. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ತುಳು ಮತ್ತು ಕೊಂಕಣಿಯ ಸಾಲುಗಳು ಇನ್ನೂ ಖಾಲಿ ಇವೆ. ಬಲ್ಲವರು ಊಟಕ್ಕೆ ಏಳುವ ಮುಂಚೆ ತುಂಬಿಕೊಡಿ.